ಫುಡ್ ಆಫ್ಟರ್ ಟ್ಯಾಬ್ಲೆಟ್!

ನಿಮ್ಮ ಮನೆಗೆ ಯಾವತ್ತಾದರೂ ಕನ್ನಡ ಬಾರದ ಸೊಸೆ ಬಂದದ್ದುಂಟೇ? ಬಂದಿದ್ದರೆ ನನ್ನ ಪಾಡು ನಿಮಗೆ ಬೇಗ ಅರ್ಥವಾದೀತು. ಬಂದಿಲ್ಲದಿದ್ದರೂ ಓದಿಟ್ಟುಕೊಳ್ಳಿ. ಈ ಕಾಲದಲ್ಲಿ ಯಾರ ಮನೆಗೆ ಯಾವ ದೇಶದ ಹುಡುಗಿ ಸೊಸೆಯಾಗಿ ಬರುತ್ತಾಳೋ ಹೇಳಲು ಬರುವುದಿಲ್ಲ!

ನನ್ನ ತವರು ಹೊಸದುರ್ಗದ ಕಡೆ, ಕೊಟ್ಟದ್ದು ಹಿರಿಯೂರಿಗೆ. ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಕನ್ನಡ ಮೀಡಿಯಂ, 1997ರಲ್ಲಿ. ನಮ್ಮ ಕಾಲಕ್ಕೆ ಐದನೇ ಕ್ಲಾಸಿಗೆ ಹೋದ ಮೇಲೇ ಎ ಬಿ ಸಿ ಡಿ. (ಸರ್ಕಾರಿ ಶಾಲೆಗಳಿಗೆ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಬಂದದ್ದು 2007ರಲ್ಲಿ. ಅಷ್ಟರಲ್ಲಿ ನನಗೆ ಮದುವೆಯಾಗಿ ಮಗಳು ಅಂಬೆಗಾಲು ದಾಟಿ ಓಡಾಡುತ್ತಿದ್ದಳು.) ಇಂಗ್ಲಿಷಿನಲ್ಲಿ ನನಗೆ ಬಂದದ್ದು 39. ಪಾಸಾದೆನಲ್ಲ, ಇನ್ನು ಜನ್ಮದಲ್ಲಿ ಇದರ ಸಹವಾಸ ಬೇಡ ಎಂದು ಪುಸ್ತಕವನ್ನು ಅಟ್ಟಕ್ಕೆ ಹಾಕಿದವಳು ನಾನು.

ಆದರೆ ಅದು ನನ್ನ ಸಹವಾಸ ಬಿಡಬೇಕಲ್ಲ? ಮಗಳನ್ನು ಇಂಗ್ಲಿಷ್ ಮೀಡಿಯಂಗೆ ಸೇರಿಸಿದೆವು. ಒಂದು ಸಲ ಪೋಷಕರ ಸಭೆಯಲ್ಲಿ "ಮನೆಯಲ್ಲೂ ಮಕ್ಕಳ ಜೊತೆ ಇಂಗ್ಲಿಷಿನಲ್ಲೇ ಮಾತಾಡಿ" ಎಂದರು. ನಾನು ಎದ್ದು ನಿಂತು, ಮನಸ್ಸಿನಲ್ಲೇ ಹತ್ತು ಸಲ ಕಟ್ಟಿಕೊಂಡಿದ್ದ ಒಂದು ವಾಕ್ಯ ಹೇಳಿದೆ. "ಮೈ ಡಾಟರ್ ಹೋಂವರ್ಕ್ ವೆಲ್ ಡಜ್." ಮುಂದಿನ ಬೆಂಚಿನಲ್ಲಿದ್ದ ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡನೇ ಕ್ಲಾಸಿನ ನನ್ನ ಮಗಳು ಸೆರಗು ಜಗ್ಗಿ, "ಅಮ್ಮಾ, ಸುಮ್ನೆ ಕೂತ್ಕೋ" ಎಂದಳು. ಕೂತೆ. ಆಮೇಲೆ ಹತ್ತು ಹನ್ನೆರಡು ವರ್ಷ ಇಂಗ್ಲಿಷಿನ ವಿಷಯದಲ್ಲಿ ನಾನು ಕೂತೇ ಇದ್ದೆ ಅನ್ನಿ.

ಹೀಗಿರುವಾಗ ನಮ್ಮಣ್ಣನ ಮಗ ಕೆಲಸಕ್ಕೆಂದು ಜರ್ಮನಿಗೆ ಹೋದವನು, ಅಲ್ಲಿಯ ಹುಡುಗಿಯನ್ನೇ ಮದುವೆಯಾದ. ಅಣ್ಣ ಆರು ತಿಂಗಳು ಮಾತು ಬಿಟ್ಟಿದ್ದ. ಅತ್ತಿಗೆ, ತನ್ನ ತವರಾದ ಹೊಳಲ್ಕೆರೆಯ ಬಯಲು ಗಣಪತಿಗೆ ಎಷ್ಟು ಹರಕೆ ಹೊತ್ತಳೋ ಏನು ಬೇಡಿಕೊಂಡಳೋ ಅವಳಿಗೇ ಗೊತ್ತು. ಕೊನೆಗೆ 2023ರ ಡಿಸೆಂಬರಿನಲ್ಲಿ ಗಂಡ ಹೆಂಡತಿ ಇಬ್ಬರೂ ಊರಿಗೆ ಬಂದರು. ಹೊಸದುರ್ಗದಲ್ಲಿ ಒಂದು ಆರತಕ್ಷತೆಯೂ ಆಯಿತು. ಹುಡುಗಿ ಒಳ್ಳೆಯವಳು. ಅಲ್ಲಿ ಗಿಡಗಳ ನರ್ಸರಿಯಲ್ಲಿ ಕೆಲಸವಂತೆ. ಅಣ್ಣನ ತೆಂಗಿನ ತೋಟಕ್ಕೆ ಹೋದವಳು ಮಧ್ಯಾಹ್ನದ ಊಟಕ್ಕೂ ಬರಲಿಲ್ಲವೆಂದರೆ ನೋಡಿ! ಅಣ್ಣನ ಸಿಟ್ಟು ಅರ್ಧ ಇಳಿದದ್ದು ಅಲ್ಲಿಯೇ.

ಆಮೇಲೆ ಅಣ್ಣನ ಮಗನಿಗೆ ಬೆಂಗಳೂರಿನಲ್ಲಿ ಎಂಟು ದಿನ ಆಫೀಸಿನ ಕೆಲಸ ಬಿತ್ತು. "ಅತ್ತೆ, ಇವಳನ್ನ ನಿಮ್ಮ ಮನೇಲಿ ಬಿಟ್ಟು ಹೋಗ್ಲಾ? ಹಿರಿಯೂರಾದ್ರೆ ನನಗೆ ದಾರೀಲೇ ಆಗುತ್ತೆ" ಎಂದ. ಬೇಡ ಅನ್ನಲಾದೀತೇ? ಹೂಂ ಎಂದೆ. ಎಂದ ಮೇಲೆ ಹೊಟ್ಟೆಯಲ್ಲಿ ನಡುಕ ಶುರುವಾಯಿತು. ಇವರು ಬೆಳಿಗ್ಗೆ ಅಂಗಡಿಗೆ ಹೋದರೆ ಬರುವುದು ರಾತ್ರಿಗೆ. ಮಗಳು ಚಿತ್ರದುರ್ಗದಲ್ಲಿ ಹಾಸ್ಟೆಲ್ಲು. ದಿನವಿಡೀ ಮನೆಯಲ್ಲಿ ನಾನು, ಅವಳು, ನಡುವೆ ನನ್ನ 39 ಮಾರ್ಕಿನ ಇಂಗ್ಲಿಷು!

ಮೊದಲ ದಿನ ಅಡಿಗೆಮನೆಗೆ ಬಂದು ಕಟ್ಟೆಯ ಪಕ್ಕ ನಿಂತಳು. ಬಾಯಿ ತೆರೆದಳು. "ಐ ಹ್ಯಾವ್ ಯೆಸ್ಟರ್‌ಡೇ ದಿ ಬಿಗ್ ಲೇಕ್ ಸೀನ್." ಮಾರಿ ಕಣಿವೆಯ ಡ್ಯಾಮ್ ನೋಡಿ ಬಂದದ್ದನ್ನು ಹೇಳುತ್ತಿದ್ದಳು. ನಾನು ಒಂದು ಗಳಿಗೆ ಹಾಗೇ ನಿಂತೆ. ಇದೇನು, ಇವಳ ಇಂಗ್ಲಿಷೂ ನನ್ನ ಹಾಗೇ ಇದೆಯಲ್ಲ! ನೋಡಿದ್ದು ಅನ್ನುವ ಮಾತು ಕೊನೆಗೆ ಬಂತಲ್ಲ! ನನಗೆ ಎಲ್ಲಿಲ್ಲದ ಧೈರ್ಯ ಬಂದುಬಿಟ್ಟಿತು. "ಯೆಸ್ ಯೆಸ್. ಟೂ ತೌಸಂಡ್ ಟ್ವೆಂಟಿಟೂ ಫುಲ್ ಬಿಕೇಮ್. ನೈನ್‌ಟೀನ್ ತರ್ಟಿತ್ರೀ ಆಫ್ಟರ್, ಫಸ್ಟ್ ಟೈಮ್" ಎಂದೆ. 1907ರಲ್ಲಿ ಕಟ್ಟಿ ಮುಗಿದ ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಆಮೇಲೆ 89 ವರ್ಷ ಕಾದು 2022ರಲ್ಲಿ ಬಿದ್ದದ್ದು ನಮ್ಮೂರಿನ ಹಸುಗೂಸಿಗೂ ಗೊತ್ತಿರುವ ಸಂಗತಿ. ಅವಳಿಗೆ ಎಷ್ಟು ಅರ್ಥವಾಯಿತೋ, ಕಣ್ಣರಳಿಸಿ ತಲೆಯಾಡಿಸಿದಳು.

ಅವಳಿಗೆ ಇಂಗ್ಲಿಷ್ ಬರುವುದಿಲ್ಲವೆಂದಲ್ಲ. ಶಾಲೆಯಲ್ಲಿ ಚೆನ್ನಾಗಿಯೇ ಕಲಿತಿದ್ದಾಳೆ. ನಿಧಾನವಾಗಿ ಮಾತಾಡಿದರೆ ತಪ್ಪೇ ಇಲ್ಲ. ದಣಿದಾಗ, ಖುಷಿಯಾದಾಗ, ಅವಸರವಾದಾಗ ಮಾತ್ರ ಜರ್ಮನ್ ಒಳಗಿನಿಂದ ಎದ್ದು ಬಂದು ಪದಗಳನ್ನೆಲ್ಲ ತನಗೆ ಬೇಕಾದ ಹಾಗೆ ಕೂರಿಸುತ್ತದೆ. "ಐ ವಾಂಟ್ ಟು ಸ್ಲೀಪ್, ಬಿಕಾಸ್ ಐ ವೆರಿ ಟಯರ್ಡ್ ಆಮ್" ಅನ್ನುತ್ತಿದ್ದಳು. ನನಗೆ ಅದರಲ್ಲಿ ತಪ್ಪೇ ಕಾಣುತ್ತಿರಲಿಲ್ಲ ಅನ್ನುವುದು ಬೇರೆ ಮಾತು!

ಅಡಿಗೆ ಕಲಿಸುವಾಗಂತೂ ಮಜಾ ಕೇಳಬೇಡಿ. ಮಂಡಕ್ಕಿ ಒಗ್ಗರಣೆ ಹೇಳಿಕೊಡುತ್ತಿದ್ದೆ. "ಆನಿಯನ್ ಕಟ್. ಆಯಿಲ್ ಪೋರ್. ಮಸ್ಟರ್ಡ್ ಪುಟ್." ಅವಳು ಪುಸ್ತಕ ತಂದು ತನ್ನ ಭಾಷೆಯಲ್ಲಿ ಬರೆದುಕೊಳ್ಳತೊಡಗಿದಳು. ಏನು ಬರೆದೆ, ಓದು ಎಂದೆ. "ತ್ಸ್ವೀಬೆಲ್ನ್ ಶ್ನೈಡನ್" ಎಂದು ಓದಿ, ಮೊದಲ ಪದಕ್ಕೆ ಈರುಳ್ಳಿ ತೋರಿಸಿದಳು, ಎರಡನೆಯದಕ್ಕೆ ಚಾಕು ಆಡಿಸಿದಳು. ಅವರ ಅಡಿಗೆ ಪುಸ್ತಕಗಳಲ್ಲಿ ಹೀಗೇ ಇರುವುದಂತೆ. ಈರುಳ್ಳಿ ಹೆಚ್ಚುವುದು, ನೀರು ಕುದಿಸುವುದು. ನಾವು ಈ ಪತ್ರಿಕೆಯಲ್ಲಿ ಓದಿ ಕತ್ತರಿಸಿಟ್ಟುಕೊಳ್ಳುವ ಅಡಿಗೆಗಳೂ ಹೀಗೇ ತಾನೇ ಇರುವುದು? ಇಂಗ್ಲಿಷಿನವರು ಮಾತ್ರ ಮೊದಲು ಕತ್ತರಿಸಿ, ಆಮೇಲೆ ಏನನ್ನು ಎಂದು ಹೇಳುತ್ತಾರೆ. 'ಕಟ್ ದಿ ಆನಿಯನ್.' ಏನು ಅವಸರವಪ್ಪ!

ನಾಲ್ಕನೆಯ ದಿನ ಅವಳನ್ನು ಕೋಟೆ ತೋರಿಸಲು ಚಿತ್ರದುರ್ಗಕ್ಕೆ ಕರೆದುಕೊಂಡು ಹೋದೆ. ಮಗಳೂ ಹಾಸ್ಟೆಲ್ಲಿನಿಂದ ಬಂದು ಸೇರಿಕೊಂಡಳು. ಓಬವ್ವನ ಕಿಂಡಿಯ ಹತ್ತಿರ ನಾನೇ ಮುಂದಾಗಿ ಕಥೆ ಶುರು ಮಾಡಿದೆ. ಹೈದರಾಲಿ ದಂಡು ಬಂದದ್ದು, ಕಾವಲಿನ ಗಂಡ ಊಟಕ್ಕೆ ಬಂದದ್ದು, ಓಬವ್ವ ನೀರಿಗೆ ಹೋದದ್ದು ಎಲ್ಲ ಕೈಬಾಯಿ ಸನ್ನೆಯಲ್ಲಿ ಚೆನ್ನಾಗಿಯೇ ಸಾಗಿತು. ಕೊನೆಗೆ ಒನಕೆ ಎತ್ತುವ ಹಾಗೆ ಕೈ ಎತ್ತಿ, "ಓಬವ್ವ ಸೋಲ್ಜರ್ಸ್ ಕಿಲ್ಡ್!" ಎಂದೆ. ಹುಡುಗಿ ಎದೆಯ ಮೇಲೆ ಕೈಯಿಟ್ಟುಕೊಂಡು, "ಓ! ದಿ ಸೋಲ್ಜರ್ಸ್ ಕಿಲ್ಡ್ ಹರ್?" ಎಂದಳು. ಅಯ್ಯೋ, ಎಲ್ಲ ತಿರುವುಮುರುವು! "ನೋ ನೋ, ಓಬವ್ವ ಕಿಲ್ಡ್, ಓಬವ್ವ ಕಿಲ್ಡ್!" ಎಂದೆ. ಅದಕ್ಕೆ ಓಬವ್ವ ಸತ್ತಳೆಂದೇ ಅರ್ಥವಂತೆ! ಮಗಳು ಹಣೆ ಚಚ್ಚಿಕೊಂಡು ಸರಿಮಾಡಿದಳು. "ಅಮ್ಮಾ, ನೀನು ಸುಮ್ನಿರು" ಎಂಬ ಹಳೆಯ ಮಾತೂ ಬಂತು. ಆದರೆ ಈ ಸಲ ನಾನು ಸುಮ್ಮನಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತೇನೋ.

ಇಳಿಯುವಾಗ ಮೆಟ್ಟಿಲ ಮೇಲೆ ಹುಡುಗಿಯ ಕಾಲು ಉಳುಕಿತು. ಸಂಜೆ ಹಿರಿಯೂರಿಗೆ ಬರುವಷ್ಟರಲ್ಲಿ ಪಾದ ಬುರಬುರನೆ ಊದಿತ್ತು. ಡಾಕ್ಟರು ನೋಡಿ, ಮೂಳೆಗೆ ಏನೂ ಆಗಿಲ್ಲ, ನೋವಿಗೆ ಐದು ದಿನ ಮಾತ್ರೆ ಎಂದು ಚೀಟಿ ಬರೆದರು. ಅವಳನ್ನು ಆಟೋದಲ್ಲಿ ಕೂರಿಸಿ ನಾನೇ ಔಷಧಿ ಅಂಗಡಿಗೆ ಹೋದೆ. ಅಂಗಡಿಯ ಹುಡುಗ, "ಬೆಳಿಗ್ಗೆ ಒಂದು, ರಾತ್ರಿ ಒಂದು. ಊಟ ಆದ್ಮೇಲೆ ಮಾತ್ರೆ ಕಣಮ್ಮ, ಖಾಲಿ ಹೊಟ್ಟೇಲಿ ಬೇಡ" ಎಂದ. ಮನೆಗೆ ಬಂದವಳೇ ಮಾತ್ರೆಯ ಪಟ್ಟಿಯನ್ನು ಅವಳ ಕೈಗೆ ಕೊಟ್ಟು, ಬಹಳ ಜವಾಬ್ದಾರಿಯಿಂದ ಹೇಳಿದೆ. "ಮಾರ್ನಿಂಗ್ ಒನ್, ನೈಟ್ ಒನ್. ಫುಡ್ ಆಫ್ಟರ್ ಟ್ಯಾಬ್ಲೆಟ್. ಓಕೆ?"

"ಫುಡ್ ಆಫ್ಟರ್ ಟ್ಯಾಬ್ಲೆಟ್. ಓಕೆ, ಅತ್ತೆ" ಎಂದಳು.

ಗೆಳತಿಯರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ನಾನು ಹೇಳಿದ್ದರಲ್ಲಿ ಏನು ತಪ್ಪಿತ್ತು? ನನಗೂ ಹೊಳೆದಿರಲಿಲ್ಲ.

ಎರಡು ದಿನ ಸರಿಯಾಗಿಯೇ ಇತ್ತು. ಮೂರನೆಯ ದಿನ ಹುಡುಗಿ ಊಟ ಕಡಿಮೆ ಮಾಡಿದಳು. ಮುದ್ದೆ ಮುಟ್ಟಲಿಲ್ಲ. ಅವರೆಕಾಳಿನ ಸಾರು ತಟ್ಟೆಯಲ್ಲೇ ಉಳಿಯಿತು. ಬರೀ ಮಜ್ಜಿಗೆ ಅನ್ನ ಎರಡು ತುತ್ತು. ಏನಾಯ್ತು ಅಂದರೆ "ನಥಿಂಗ್, ನಥಿಂಗ್" ಎಂದು ನಗುತ್ತಾಳೆ. ನನಗೆ ಹೇಗಾಗಬೇಡ? ಮೊದಲ ದಿನಗಳಲ್ಲಿ ಬಾಯಿ ಚಪ್ಪರಿಸಿ ತಿಂದವಳಿಗೆ ಈಗ ನನ್ನ ಕೈ ಅಡಿಗೆ ಸೇರದೆ ಹೋಯಿತೇ? ಅಥವಾ ಮನೆಯೇ ಸೇರದೆ ಹೋಯಿತೇ? ರಾತ್ರಿ ಎರಡು ಸಲ ವಾಂತಿ ಮಾಡಿಕೊಂಡ ಶಬ್ದ ಕೇಳಿಸಿತು. ಬೆಳಗಾಗುವುದರಲ್ಲಿ ಸುದ್ದಿ ಹೊಸದುರ್ಗಕ್ಕೂ ಮುಟ್ಟಿತ್ತು. ಅತ್ತಿಗೆಯ ಫೋನು. "ಅಷ್ಟು ಖಾರ ಯಾಕೆ ತಿನ್ನಿಸ್ದೆ? ಅವರ ಹೊಟ್ಟೆ ನಮ್ಮ ಹೊಟ್ಟೆಯಲ್ಲ ಅಂತ ಗೊತ್ತಾಗಲ್ವಾ? ನನ್ನ ಮನೇಲಿದ್ದಾಗ ಒಂದು ದಿನ ಹಿಂಗಾಗಿರ್ಲಿಲ್ಲ." ಮದುವೆಯ ವಿಷಯದಲ್ಲಿ ಅಣ್ಣನಿಗೂ ಅವಳಿಗೂ ಮಧ್ಯೆ ನಿಂತು ಸಮಾಧಾನ ಮಾಡಿದವಳು ನಾನು. ಈಗ ನನಗೇ ಈ ಮಾತು! ನಾನೂ ಬಿಡಲಿಲ್ಲ. ಆಡಬಾರದ ಒಂದೆರಡು ಮಾತು ನನ್ನ ಬಾಯಿಂದಲೂ ಬಂತು. ಫೋನು ಇಟ್ಟು, ಹಿತ್ತಲಿನ ತುಳಸಿಕಟ್ಟೆಯ ಹತ್ತಿರ ಕೂತು ಅತ್ತೆ. ಸಣ್ಣ ವಿಷಯ ಅನಿಸಬಹುದು. ಆದರೆ ತವರಿನ ಬಾಗಿಲು ಇಂಥ ಸಣ್ಣ ವಿಷಯಕ್ಕೇ ಮುಚ್ಚಿಹೋದದ್ದನ್ನು ನೀವೂ ಕಂಡಿರುತ್ತೀರಿ.

ಮಾರನೆಯ ಬೆಳಿಗ್ಗೆ ಆರು ಗಂಟೆಗೆ ಹಾಲು ಕಾಯಿಸಲು ಎದ್ದೆ. ಹುಡುಗಿ ಕುಂಟಿಕೊಂಡು ಬಂದು ನೀರಿನ ಲೋಟ ತೆಗೆದುಕೊಂಡಳು. ನೋಡುತ್ತೇನೆ, ಬರೀ ಹೊಟ್ಟೆಗೆ ಮಾತ್ರೆ ಬಾಯಿಗೆ ಹಾಕಿಕೊಳ್ಳುತ್ತಿದ್ದಾಳೆ! "ಏ ಏ! ಫುಡ್ ಆಫ್ಟರ್! ಫುಡ್ ಆಫ್ಟರ್!" ಎಂದು ಕೂಗಿದೆ. ಅವಳೂ ಗಾಬರಿಯಾಗಿ, "ಯೆಸ್, ಯೆಸ್! ಫುಡ್ ಆಫ್ಟರ್!" ಎಂದಳು. ನಾನು ಮತ್ತೆ ಕೂಗಿದೆ, ಅವಳು ಮತ್ತೆ ಯೆಸ್ ಎಂದಳು. ಇಬ್ಬರೂ ಹೇಳುತ್ತಿರುವುದು ಒಂದೇ ಮಾತು!

ಆಗ ನನಗೆ ಮಿಂಚು ಹೊಡೆದ ಹಾಗಾಯಿತು. ತಟ್ಟೆ ತಂದು ನೆಲದ ಮೇಲೆ ಇಟ್ಟೆ. ಅದರ ಪಕ್ಕ ಮಾತ್ರೆ ಇಟ್ಟೆ. ತಟ್ಟೆಯಿಂದ ತುತ್ತು ಎತ್ತುವ ಹಾಗೆ ಮಾಡಿ 'ಫಸ್ಟ್' ಎಂದೆ. ಆಮೇಲೆ ಮಾತ್ರೆ ತೋರಿಸಿ 'ಸೆಕೆಂಡ್' ಎಂದೆ. ಅವಳು ತಟ್ಟೆ ನೋಡಿದಳು, ಮಾತ್ರೆ ನೋಡಿದಳು, ಕೂತಲ್ಲೇ ತಲೆಯ ಮೇಲೆ ಕೈಯಿಟ್ಟುಕೊಂಡಳು. "ಆಫ್ಟರ್ ಫುಡ್!" ಎಂದಳು. ನಗತೊಡಗಿದಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು. ಖಾರಕ್ಕೆ ಹೊಟ್ಟೆ ಕೆಟ್ಟಿದೆ ಎಂದು ಅವಳು ತಿಳಿದಿದ್ದಳು. ಹೇಳಿದರೆ ಅತ್ತೆಗೆ ಬೇಜಾರಾಗುತ್ತದೆಂದು ಸುಮ್ಮನಿದ್ದಳು. ನಾನು, ಇವಳಿಗೆ ನಾನೇ ಬೇಡವಾದೆ ಎಂದು ಸುಮ್ಮನಿದ್ದೆ.

ನಮ್ಮಲ್ಲಿ 'ಊಟ ಆದ ಮೇಲೆ' ಅನ್ನುತ್ತೇವೆ. ಊಟ ಮೊದಲು, 'ಮೇಲೆ' ಅದರ ಬೆನ್ನ ಹಿಂದೆ. ಇಂಗ್ಲಿಷಿನಲ್ಲಿ 'ಆಫ್ಟರ್' ಊಟದ ಮುಂದೆ ನಿಲ್ಲುತ್ತದೆ. ನಾನು ನಮ್ಮ ಸಾಲಿನಲ್ಲೇ ಪದಗಳನ್ನು ಇಟ್ಟೆ. ಅವಳು 'ಆಫ್ಟರ್' ಅನ್ನು ಅದರ ಮುಂದಿದ್ದ ಟ್ಯಾಬ್ಲೆಟ್ಟಿಗೆ ಸೇರಿಸಿ ಓದಿಕೊಂಡಳು. ಮಾತ್ರೆ ಆದ ಮೇಲೆ ಊಟ! ಪದ ಒಂದೂ ತಪ್ಪಿರಲಿಲ್ಲ. ನಿಂತ ಜಾಗ ತಪ್ಪಿತ್ತು, ಅಷ್ಟೇ. ಮೂರು ದಿನ ಆ ಹುಡುಗಿಯ ಹೊಟ್ಟೆ ಉರಿಯಿತು.

ಅವತ್ತೇ ಡಾಕ್ಟರ ಹತ್ತಿರ ಹೋಗಿ ವಿಷಯ ಹೇಳಿದೆವು. ಆ ಮಾತ್ರೆ ನಿಲ್ಲಿಸಿ, ಹೊಟ್ಟೆಗೆ ಬೇರೆ ಕೊಟ್ಟರು. (ಈ ಸಲ ಎಲ್ಲವನ್ನೂ ಅವಳಿಗೇ ಹೇಳಿ ಎಂದೆ.) ಎರಡು ದಿನದಲ್ಲಿ ಸರಿಹೋದಳು. ಅತ್ತಿಗೆಗೆ ನಾನೇ ಫೋನು ಮಾಡಿ, ತಪ್ಪು ನನ್ನದೇ, ಆದರೆ ಖಾರದ್ದಲ್ಲ, ಇಂಗ್ಲಿಷಿನದು ಎಂದೆ. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, "ನಾನಾಗಿದ್ರೂ ಹಂಗೇ ಹೇಳ್ತಿದ್ದೆ ಕಣೇ" ಎಂದಳು. ಸದ್ಯ!

ಭಾನುವಾರ ಅಣ್ಣನ ಮಗ ಬಂದ. ನಡೆದದ್ದೆಲ್ಲ ಕೇಳಿ ನಕ್ಕು, ಆಮೇಲೆ ಕೂತು ನಿಧಾನವಾಗಿ ವಿವರಿಸಿದ. ನನಗೆ ತಿಳಿದಷ್ಟು ನಿಮಗೂ ಹೇಳುತ್ತೇನೆ, ಯಾಕೆಂದರೆ ಎಂಟು ಕ್ಲಾಸುಗಳಲ್ಲಿ ಯಾವ ಮೇಷ್ಟ್ರೂ ನನಗೆ ಇದನ್ನು ಹೀಗೆ ಹೇಳಿರಲಿಲ್ಲ ಎನ್ನಬೇಕೆಂದಿದ್ದೆ, ಲೆಕ್ಕ ಹಾಕಿದರೆ ನಾನು ಇಂಗ್ಲಿಷ್ ಓದಿದ್ದೇ ಆರು ಕ್ಲಾಸು!

'ಅತ್ತೆ ಸೊಸೆಯನ್ನು ಹೊಗಳಿದಳು' ಅನ್ನಿ, 'ಸೊಸೆಯನ್ನು ಅತ್ತೆ ಹೊಗಳಿದಳು' ಅನ್ನಿ, ಹೊಗಳಿದ್ದು ಅತ್ತೆಯೇ. (ಅಂಥ ಅತ್ತೆ ಸಿಗುವುದು ಕಷ್ಟ, ಅದಿರಲಿ.) ಯಾಕೆಂದರೆ ಸೊಸೆಗೆ 'ಅನ್ನು' ಎಂಬ ಬಾಲ ಅಂಟಿದೆ. ಅವಳು ಎಲ್ಲಿ ಕೂತರೂ ಬಾಲ ನೋಡಿ ಗುರುತು ಹಿಡಿಯಬಹುದು. ಇಂಗ್ಲಿಷಿನಲ್ಲಿ ಈ ಬಾಲವಿಲ್ಲ. ಅಲ್ಲಿ ಜಾಗವೇ ಗುರುತು. ಕ್ರಿಯಾಪದಕ್ಕೆ ಮುಂಚೆ ಇದ್ದವರು ಮಾಡಿದವರು, ಆಮೇಲೆ ಇದ್ದವರು ಮಾಡಿಸಿಕೊಂಡವರು. ನಾನು ಓಬವ್ವನನ್ನೂ ಸೈನಿಕರನ್ನೂ ಒಂದೇ ಕಡೆ ನಿಲ್ಲಿಸಿದರೆ ಯಾರು ಯಾರನ್ನು ಕೊಂದರೆಂದು ಕೇಳಿದವರಿಗೆ ತಿಳಿಯುವುದಾದರೂ ಹೇಗೆ?

ಜರ್ಮನ್ ಭಾಷೆಯಲ್ಲಿ ಗುರುತು ಬಾಲದಲ್ಲಲ್ಲ, ಪದದ ಮುಂದೆ ನಡೆಯುವ ಸಣ್ಣ ಮಾತಿನಲ್ಲಿ. ಮಾಡಿದವನಿಗೆ 'ದೇರ್', ಮಾಡಿಸಿಕೊಂಡವನಿಗೆ 'ದೇನ್'. ಹೀಗಾಗಿ ಅವರೂ ನಮ್ಮ ಹಾಗೆ ಪದಗಳನ್ನು ಹಿಂದೆ ಮುಂದೆ ಮಾಡಬಹುದು. ಆ ಅಭ್ಯಾಸವನ್ನೇ ಇಂಗ್ಲಿಷಿಗೂ ತಂದರೆ ಎಡವಟ್ಟು. "ಅಂದ್ರೆ ಅತ್ತೆ ಸೊಸೆ ವಾಕ್ಯ ಅವರಲ್ಲೂ ತಿರುಗಿಸಬಹುದಾ?" ಎಂದೆ. ಅದಾಗುವುದಿಲ್ಲವಂತೆ. ದೇರ್, ದೇನ್ ಎಂಬ ವ್ಯತ್ಯಾಸ ಗಂಡುಪದಗಳಿಗೆ ಮಾತ್ರ. ಹೆಣ್ಣುಪದಕ್ಕೆ ಮಾಡಿದರೂ 'ದೀ', ಮಾಡಿಸಿಕೊಂಡರೂ 'ದೀ'. ನೋಡಿದಿರಾ, ಅಲ್ಲೂ ಸವಲತ್ತೆಲ್ಲ ಗಂಡಸರಿಗೇ!

ಇನ್ನು ಕ್ರಿಯಾಪದ. ನಮ್ಮದು ಯಾವಾಗಲೂ ಕೊನೆಗೆ. ಮನೆಯ ಹೆಂಗಸು ಊಟಕ್ಕೆ ಕೂರುವ ಹಾಗೆ, ಎಲ್ಲರದ್ದೂ ಆದ ಮೇಲೆ. ಇಂಗ್ಲಿಷಿನಲ್ಲಿ ಮಾಡಿದವರ ಬೆನ್ನಿಗೇ. ಜರ್ಮನ್ನರದು ಎರಡೂ ಕಡೆ. ಸಾದಾ ವಾಕ್ಯದಲ್ಲಿ ಎರಡನೆಯ ಜಾಗ ಅದಕ್ಕೆ ಮೀಸಲು, ಮೊದಲನೆಯದರಲ್ಲಿ ಯಾರೇ ಕೂರಲಿ. ಅದಕ್ಕೇ ಅವಳು ಒಮ್ಮೊಮ್ಮೆ "ಟುಮಾರೋ ಗೋ ಐ ಟು ದಿ ಫೋರ್ಟ್" ಅನ್ನುತ್ತಿದ್ದದ್ದು. ನಾಳೆ ಎಂಬುದು ಮೊದಲ ಜಾಗ ಹಿಡಿದರೆ, ಹೋಗುವುದು ಎರಡನೆಯದು, ಪಾಪ 'ನಾನು' ಮೂರನೆಯದಕ್ಕೆ ಸರಿಯಬೇಕು. 'ಯಾಕೆಂದರೆ' ಎಂದು ಶುರುವಾದರೆ ಮಾತ್ರ ಕ್ರಿಯಾಪದ ನಮ್ಮ ಹಾಗೆ ಕಟ್ಟಕಡೆಗೆ. 'ಬಿಕಾಸ್ ಐ ಟಯರ್ಡ್ ಆಮ್' ಹುಟ್ಟಿದ್ದು ಅಲ್ಲಿಂದ. ಆದರೆ 'ಆಫ್ಟರ್' ವಿಷಯದಲ್ಲಿ ಅವರು ಇಂಗ್ಲಿಷಿನವರ ಕಡೆ. 'ನಾಖ್ ದೇಮ್ ಎಸ್ಸನ್' ಅಂತಾರಂತೆ, 'ಮೇಲೆ' ಮೊದಲು, ಊಟ ಆಮೇಲೆ. ಅಡಿಗೆಮನೆಯಲ್ಲಿ ನಾವಿಬ್ಬರೂ ಒಂದೇ ದಾರಿ ಹಿಡಿದಿದ್ದೆವು, ಮಾತ್ರೆಯ ಹತ್ತಿರ ಬರುವಷ್ಟರಲ್ಲಿ ದಾರಿ ಕವಲೊಡೆದಿತ್ತು. ನನಗೆ ಗೊತ್ತಾಗಲಿಲ್ಲ.

ಆಗ ನನಗೆ ನಮ್ಮ ಕನ್ನಡ ಮೇಷ್ಟ್ರು ಹೇಳುತ್ತಿದ್ದ ಕಿಟೆಲ್ ಸಾಹೇಬರ ನೆನಪಾಯಿತು. ಫರ್ಡಿನೆಂಡ್ ಕಿಟೆಲ್ ಕೂಡ ಜರ್ಮನ್ ತಾನೇ! 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ನಮ್ಮ ನಾಡಿಗೆ ಬಂದವರು, ಧಾರವಾಡ ಮಂಗಳೂರು ಎಂದು ಓಡಾಡಿ ಕನ್ನಡ ಕಲಿತು, 1894ರಲ್ಲಿ ಆ ದೊಡ್ಡ ನಿಘಂಟನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಮೇಷ್ಟ್ರು ಹೇಳುವಾಗ ನಾನು ಗಮನಿಸಿರಲಿಲ್ಲ, ಅದು ಕನ್ನಡ-ಇಂಗ್ಲಿಷ್ ನಿಘಂಟು. ಅವರು 1903ರಲ್ಲಿ ತೀರಿಕೊಂಡರು. ಅವರ ಕನ್ನಡ ವ್ಯಾಕರಣ ಅಚ್ಚಾದದ್ದೂ ಅದೇ ವರ್ಷ. ಅದೂ ಇಂಗ್ಲಿಷಿನಲ್ಲೇ. ಅಂದರೆ ಮನೆಮಾತು ಜರ್ಮನ್, ಕಲಿತದ್ದು ಕನ್ನಡ, ಬರೆದದ್ದು ಇಂಗ್ಲಿಷ್! ಮೂರು ಭಾಷೆಯ ಮೂರು ಸಾಲು ಒಂದೇ ತಲೆಯಲ್ಲಿ. ನನಗೆ ಎರಡಕ್ಕೇ ಈ ಗತಿ. ಹುಡುಗಿಗೆ ಕಿಟೆಲ್ ಹೆಸರೇ ಗೊತ್ತಿರಲಿಲ್ಲ. ಅವಳ ದೇಶದವರ ವಿಷಯ ಅವಳಿಗೆ ನಾನು ಹೇಳಿದೆನಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು. "ಕಿಟೆಲ್ ಮೇಡ್ ಎ ಬಿಗ್ ಡಿಕ್ಷನರಿ" ಎಂದೆ. ಅಣ್ಣನ ಮಗ ಚಪ್ಪಾಳೆ ತಟ್ಟಿದ. 'ಮೇಡ್' ಸರಿಯಾದ ಜಾಗದಲ್ಲಿ ಬಂದಿತ್ತು!

ಅವರು ಹೊರಟು ಹೋದ ಮೇಲೆ ಅಟ್ಟದಿಂದ ಹಳೆಯ ಪುಸ್ತಕ ಇಳಿಸೋಣವೆಂದು ನೋಡಿದರೆ ಗೆದ್ದಲು ತಿಂದಿತ್ತು. ಹೋಗಲಿ ಎಂದು ಮಗಳ ಹಳೆಯದನ್ನೇ ತೆಗೆದುಕೊಂಡಿದ್ದೇನೆ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ದಿನಕ್ಕೆ ಐದು ವಾಕ್ಯ ಬರೆಯುತ್ತೇನೆ. ಇವರು, "ಏನಮ್ಮ, ಪರೀಕ್ಷೆ ಯಾವಾಗ?" ಎಂದು ರೇಗಿಸುತ್ತಾರೆ. ರೇಗಿಸಲಿ. ಮಗಳು ರಜಕ್ಕೆ ಬಂದಾಗ ತಿದ್ದಿಕೊಡುತ್ತಾಳೆ. ಮೊನ್ನೆ ಒಂದು ಪುಟದಲ್ಲಿ ಎರಡೇ ಕೆಂಪು ಗೆರೆ ಇತ್ತು.

ಅಲ್ಲಿ ಆ ಹುಡುಗಿ ಗಂಡನ ಹತ್ತಿರ ಕನ್ನಡ ಕಲಿಯುತ್ತಿದ್ದಾಳೆ. ಕ್ರಿಯಾಪದ ಕೊನೆಗಿಡುವುದು ಅವಳಿಗೆ ಬೇಗ ಒಲಿಯಿತಂತೆ. ಕಳೆದ ವಾರ ನನ್ನ ಫೋನಿಗೆ ಅವಳ ಧ್ವನಿಯಲ್ಲೇ ಒಂದು ಸಂದೇಶ ಬಂತು. ಒಂದೊಂದೇ ಪದ ಬಿಡಿಸಿ ಬಿಡಿಸಿ ಹೇಳಿದ್ದಳು. "ಅತ್ತೆ, ನಾನು ಮೇಲೆ ಊಟ ಫೋನ್ ಮಾಡ್ತೀನಿ."

ಮೇಲೆ ಊಟ! ಬಿದ್ದು ಬಿದ್ದು ನಕ್ಕೆ. ತಿದ್ದಲು ಮಾತ್ರ ಹೋಗಲಿಲ್ಲ. ಅವರ ಗಡಿಯಾರ ನಮಗಿಂತ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ. ಅವಳು ಹೇಳಿದ್ದು ನಮ್ಮ ಊಟವೋ ಅವಳ ಊಟವೋ ತಿಳಿಯದೆ, ಎಂಟು ಗಂಟೆಗೇ ಇವರಿಗೆ ಬಡಿಸಿ ಮುಗಿಸಿ, ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತೆ.